ಐಸ್ ಪ್ಯಾಕ್‌ಗೆ ತಾಗಿಕೊಂಡಿದ್ದ ನೀಲಿ ಮುಚ್ಚಳದ ಟ್ಯೂಬ್

ಮಡಿಕೇರಿಯ ಒಂದು ಸಣ್ಣ ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್ ಆಗಿದ್ದೇನೆ. ದೂರ ಹೋಗಬೇಕಾದ ರಕ್ತವನ್ನು ತಣ್ಣಗಿಡಬೇಕು ಎಂಬುದು ಬಹುಕಾಲ ನನ್ನ ಕೈಗೆ ಅಂಟಿದ್ದ ರೂಢಿ. ಹಾಲು ಕೆಡದಿರಲಿ ಎಂದು ಫ್ರಿಜ್‌ನಲ್ಲಿ ಇಡುವುದಿಲ್ಲವೇ, ಹಾಗೆ. ಆ ರೂಢಿಯಿಂದ ಒಂದು ಮನೆಯ ನೆಮ್ಮದಿ ಕೆಟ್ಟಿತು.

ನಾಪೋಕ್ಲು ಕಡೆಯ ಹುಡುಗಿ. ಹಲ್ಲು ಕೀಳಿಸಬೇಕಿತ್ತು. ಆಗಾಗ ಮೂಗಿನಿಂದ ರಕ್ತ ಬರುತ್ತದೆ ಎಂದು ತಿಳಿದ ದಂತವೈದ್ಯರು ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳನ್ನು ಬರೆದರು. ಅವು ನಮ್ಮಲ್ಲಿ ಆಗುವುದಿಲ್ಲ, ಸ್ಯಾಂಪಲ್ ಮೈಸೂರಿಗೆ ಹೋಗಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬಿಗೆ ಗುರುತಿನವರೆಗೆ ಸರಿಯಾಗಿ ರಕ್ತ ತುಂಬಿಸಿದೆ. ಪ್ಲಾಸ್ಮಾ (ರಕ್ತಕಣಗಳನ್ನು ತೆಗೆದ ಮೇಲೆ ಉಳಿಯುವ ದ್ರವ) ಬೇರ್ಪಡಿಸದೆ, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಎರಡು ಐಸ್ ಪ್ಯಾಕ್‌ಗಳ ನಡುವೆ ಇಟ್ಟೆ. ಮುಚ್ಚುವಾಗ ಗಾಜಿನ ಮೇಲೆ ಸಣ್ಣ ಹನಿಗಳು ಮೂಡಿದ್ದವು. ಕೆಲಸ ಅಚ್ಚುಕಟ್ಟಾಗಿದೆ ಎಂದುಕೊಂಡೆ.

ವರದಿಯಲ್ಲಿ ರಕ್ತ ಹೆಪ್ಪುಗಟ್ಟಲು ಬೇಕಾದ ಎರಡು ಪ್ರೋಟೀನುಗಳು, ವಾನ್ ವಿಲ್ಲೆಬ್ರಾಂಡ್ ಅಂಶವೂ ಎಂಟನೇ ಅಂಶವೂ, ಕಡಿಮೆ. ವಂಶಪಾರಂಪರ್ಯವಾಗಿ ಬರುವ ರಕ್ತಸ್ರಾವದ ಕಾಯಿಲೆಯ ಅನುಮಾನ. ಹುಡುಗಿಯ ತಾಯಿ ವರದಿ ಹಿಡಿದು ನನ್ನ ಮುಂದೆ ನಿಂತರು. "ಮೇಡಂ, ಇದು ನಮ್ಮ ತವರಿನಿಂದ ಬಂದದ್ದು ಎಂದು ಅತ್ತೆ ಹೇಳುತ್ತಿದ್ದಾರೆ. ನಿಜವೇ?"

ಮೈಸೂರಿನ ತಜ್ಞರು ಮೊದಲು ಕೇಳಿದ್ದು, ಸ್ಯಾಂಪಲ್ ಹೇಗೆ ಬಂದಿತ್ತು ಎಂದು. ಹುಡುಗಿಯನ್ನೇ ಕರೆಸಿ ಅಲ್ಲಿಯೇ ರಕ್ತ ತೆಗೆದು, ಕೂಡಲೇ ಪ್ಲಾಸ್ಮಾ ಬೇರ್ಪಡಿಸಿ ನೋಡಿದರು. ಎರಡೂ ಅಂಶಗಳು ಸರಿಯಾಗಿಯೇ ಇದ್ದವು.

ಬೇರ್ಪಡಿಸದ ರಕ್ತ ಫ್ರಿಜ್‌ನ ತಂಪಿನಲ್ಲಿ ಗಂಟೆಗಟ್ಟಲೆ ಇದ್ದರೆ ವಾನ್ ವಿಲ್ಲೆಬ್ರಾಂಡ್ ಅಂಶ ಪ್ಲಾಸ್ಮಾದಿಂದ ಕಡಿಮೆಯಾಗುತ್ತದೆ, ಅದನ್ನು ಆಸರೆ ಹಿಡಿದಿರುವ ಎಂಟನೇ ಅಂಶವೂ ಇಳಿಯುತ್ತದೆ. ಮೈಯಲ್ಲಿ ಇಲ್ಲದ ಕಾಯಿಲೆ ಟ್ಯೂಬಿನಲ್ಲಿ ಹುಟ್ಟುತ್ತದೆ. ಏಳನೇ ಅಂಶದ್ದು ತದ್ವಿರುದ್ಧ: ತಂಪಿನಲ್ಲಿ ಅದು ಚುರುಕಾಗುತ್ತದೆ, ಪಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಒಂದು ಪರೀಕ್ಷೆ) ಸಮಯ ಇದ್ದದ್ದಕ್ಕಿಂತ ಕಡಿಮೆ ಬರಬಹುದು. ರಕ್ತ ಹೆಪ್ಪುಗಟ್ಟುವುದನ್ನು ತಗ್ಗಿಸುವ ವಾರ್ಫರಿನ್ ಮಾತ್ರೆ ನುಂಗುವವರ ವಿಷಯದಲ್ಲಿ ಇದು ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ, ಏಕೆಂದರೆ ಆ ಅಂಕಿ ನೋಡಿಯೇ ವೈದ್ಯರು ಮಾತ್ರೆಯ ಪ್ರಮಾಣ ನಿರ್ಧರಿಸುತ್ತಾರೆ.

ಈಗ ಈ ಟ್ಯೂಬುಗಳಿಗೆ 18ರಿಂದ 24 ಡಿಗ್ರಿ. ಪಿಟಿಗೆ 24 ಗಂಟೆ, ಅಂಥದೇ ಇನ್ನೊಂದು ಪರೀಕ್ಷೆಯಾದ ಎಪಿಟಿಟಿಗೆ 4 ಗಂಟೆ ಗಡುವು. ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಔಷಧಿ ಪಡೆಯುತ್ತಿರುವವರದಾದರೆ ಒಂದು ಗಂಟೆಯೊಳಗೆ ಸೆಂಟ್ರಿಫ್ಯೂಜ್ (ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸುವುದು) ಆಗಲೇಬೇಕು. ದೂರ ಕಳುಹಿಸುವುದಿದ್ದರೆ ಎರಡು ಬಾರಿ ತಿರುಗಿಸಿ, ಪ್ಲಾಸ್ಮಾವನ್ನಷ್ಟೇ ಫ್ರೀಜ್ ಮಾಡಿ, ದಾರಿಯಲ್ಲಿ ಕರಗದಂತೆ ಕಳುಹಿಸುತ್ತೇವೆ. ಅಲ್ಲಿ ಅದನ್ನು 37 ಡಿಗ್ರಿಯ ನೀರಿನಲ್ಲಿ ಬೇಗ ಕರಗಿಸುತ್ತಾರೆ.

"ಕೊಠಡಿಯ ತಾಪಮಾನದಲ್ಲಿಡಿ" ಎಂಬ ಸೂಚನೆಯನ್ನು ಕೊಡಗಿನಲ್ಲಿ ಕಣ್ಣುಮುಚ್ಚಿ ನಂಬುವಂತಿಲ್ಲ. ಡಿಸೆಂಬರ್ ಬೆಳಗ್ಗೆ ನಮ್ಮ ಕೊಠಡಿಯೇ 18ಕ್ಕಿಂತ ಕೆಳಗಿರುತ್ತದೆ. ಟ್ಯೂಬ್ ಸ್ಟ್ಯಾಂಡಿನ ಪಕ್ಕ ಒಂದು ಥರ್ಮಾಮೀಟರ್ ಇಟ್ಟು ದಿನಕ್ಕೆ ಮೂರು ಬಾರಿ ಬರೆದುಕೊಳ್ಳುತ್ತೇನೆ.

ಆ ತಾಯಿಗೆ ಎಲ್ಲವನ್ನೂ ಹೇಳಿದೆ, ತಪ್ಪು ನನ್ನ ಐಸ್ ಪ್ಯಾಕಿನದು ಎಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಬೈಲ್ ತೆಗೆದು ನನ್ನ ಕೈಗೆ ಕೊಟ್ಟರು. "ಅತ್ತೆಗೆ ನೀವೇ ಹೇಳಿಬಿಡಿ ಮೇಡಂ." ಹೇಳಿದೆ.