ವೈರಸ್ ಮಾತ್ರೆ ಜೊತೆ ನೋವಿನ ಮಾತ್ರೆ ತಗೋಬಹುದಾ?

ನಾನು ಫಾರ್ಮಸಿಸ್ಟ್. ಈ ಪ್ರಶ್ನೆ ಹೆಚ್ಚಾಗಿ ಬರುವುದು ಸರ್ಪಸುತ್ತು ಆದವರ ಮನೆಯಿಂದ. ಡಾಕ್ಟರ್ ಏಸೈಕ್ಲೋವಿರ್ ಎಂಬ ವೈರಸ್ ಮಾತ್ರೆ ಬರೆದಿರುತ್ತಾರೆ. ಉರಿ, ನೋವು ತಡೆಯಲಾಗುವುದಿಲ್ಲ. ಮನೆಯಲ್ಲಿ ಯಾರದೋ ಆಪರೇಷನ್ನಿಗೆ ತಂದು ಉಳಿದ ಟ್ರಮಡಾಲ್ ಎಂಬ ಅಫೀಮಿನ ಜಾತಿಯ ಗಟ್ಟಿ ನೋವಿನ ಮಾತ್ರೆಯ ಸ್ಟ್ರಿಪ್ ಇರುತ್ತದೆ. ‘ಎರಡೂ ಒಟ್ಟಿಗೆ ಕೊಡಬಹುದಾ ಸಾರ್?’ ಅಂತಾರೆ.

ನಾನು ತಿರುಗಿ ಕೇಳುವುದು ಒಂದೇ: ಯಾವ ವೈರಸ್ ಮಾತ್ರೆ? ಹೆಸರು ಗೊತ್ತಿಲ್ಲದೆ ಇದಕ್ಕೆ ಹೌದು ಅಂತಲೂ ಹೇಳಲಾಗದು, ಇಲ್ಲ ಅಂತಲೂ ಹೇಳಲಾಗದು.

ಏಸೈಕ್ಲೋವಿರ್ ಆದರೆ ಲಿವರಿನಲ್ಲಿ ಟ್ರಮಡಾಲ್ ಜೊತೆ ಜಗಳವಿಲ್ಲ. ಎಚ್ಚರ ಬೇಕಾದದ್ದು ಕಿಡ್ನಿ ವಿಷಯದಲ್ಲಿ. ಸರ್ಪಸುತ್ತಿಗೆ ಏಸೈಕ್ಲೋವಿರ್ ಒಂದು ಸಲಕ್ಕೆ 800 ಮಿಲಿಗ್ರಾಂನಂತೆ ದಿನಕ್ಕೆ 5 ಸಲ, ಸಾಮಾನ್ಯವಾಗಿ ಒಂದು ವಾರ. ವಯಸ್ಸಾದವರಲ್ಲಿ, ಕಿಡ್ನಿ ಸೋತವರಲ್ಲಿ ಡೋಸ್ ಇಳಿಸದಿದ್ದರೆ ಅದು ಮೈಯಲ್ಲೇ ಉಳಿದು ಗಲಿಬಿಲಿ, ತೊದಲು, ಇಲ್ಲದ್ದು ಕಾಣುವುದು ಶುರುವಾಗಬಹುದು. ಟ್ರಮಡಾಲ್ ಹೊರಹೋಗುವುದೂ ಕಿಡ್ನಿಯಿಂದಲೇ. ಅದರ ಮಂಪರೂ ಸೇರಿದರೆ ಯಾವುದು ಯಾವುದರಿಂದ ಅಂತ ಡಾಕ್ಟರಿಗೂ ಹೇಳುವುದು ಕಷ್ಟ. ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಸರ್ಪಸುತ್ತಿನ ಚೀಟಿಯಲ್ಲಿ ನರದ ನೋವಿಗೆ ಗ್ಯಾಬಾಪೆಂಟಿನ್ ಅಥವಾ ಪ್ರಿಗ್ಯಾಬಲಿನ್ ಹೆಚ್ಚಾಗಿ ಇದ್ದೇ ಇರುತ್ತದೆ. ಅದರ ಮೇಲೆ ಟ್ರಮಡಾಲ್ ನುಂಗಿದರೆ ಮಂಪರು ಏರುತ್ತದೆ, ಉಸಿರು ನಿಧಾನವಾಗಬಹುದು. ಏಸೈಕ್ಲೋವಿರ್‌ಗಿಂತ ನನಗೆ ಈ ಜೋಡಿಯ ಭಯವೇ ಹೆಚ್ಚು. ಅಷ್ಟಕ್ಕೂ ಟ್ರಮಡಾಲ್ 2018ರಿಂದ ಮಾದಕ ವಸ್ತು ಕಾಯ್ದೆಯ ಕೆಳಗೆ ಬಂದಿದೆ. ಉಳಿದಿದೆ ಅಂತ ಹಂಚಿಕೊಳ್ಳುವ ಮಾತ್ರೆ ಅದಲ್ಲ.

ನಿಜವಾದ ಅಪಾಯ ರಿಟೋನಾವಿರ್ ಇರುವ ಔಷಧಿಗಳಲ್ಲಿ. 1996ರಲ್ಲಿ ಎಚ್‌ಐವಿ ಔಷಧಿಯಾಗಿ ಬಂದಾಗ ಇದರ ಡೋಸ್ 600 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಈಗ ಬಳಸುವುದು ಹೆಚ್ಚಾಗಿ 100 ಮಿಲಿಗ್ರಾಂ, ಅದೂ ವೈರಸ್ ಮೇಲೆ ದಾಳಿಗಲ್ಲ. ನಮ್ಮ ಲಿವರಿನಲ್ಲಿ ಸಿವೈಪಿ 3ಎ4 ಎಂಬ ಕಿಣ್ವವಿದೆ. ಎಷ್ಟೋ ಔಷಧಿಗಳನ್ನು ಒಡೆದು ಹೊರಹಾಕುವುದು ಅದೇ. ರಿಟೋನಾವಿರ್ ಅದನ್ನು ಬೇಕೆಂದೇ ಕಟ್ಟಿಹಾಕುತ್ತದೆ, ಜೊತೆಗಾರ ಔಷಧಿ ರಕ್ತದಲ್ಲಿ ಹೆಚ್ಚು ಹೊತ್ತು ಇರಲಿ ಅಂತ. ಅಟಜಾನಾವಿರ್, ಲೋಪಿನಾವಿರ್, ಡರುನಾವಿರ್ ಎಂಬ ಎಚ್‌ಐವಿ ಔಷಧಿಗಳ ಜೊತೆ ಅದು ಬರುವುದು ಇದಕ್ಕೇ. ಕೋವಿಡ್‌ನ ಪ್ಯಾಕ್ಸ್‌ಲೋವಿಡ್‌ನಲ್ಲೂ ಇದೇ ಉಪಾಯ. ಆದರೆ ಬೀದಿಯ ಚರಂಡಿ ಕಟ್ಟಿದರೆ ಒಂದೇ ಮನೆಯ ನೀರು ನಿಲ್ಲುತ್ತದಾ?

ಫೆಂಟನಿಲ್ ಎಂಬ ಇನ್ನೂ ಗಟ್ಟಿ ನೋವಿನ ಔಷಧಿ ಕರಗುವುದೂ ಇದೇ ಕಿಣ್ವದಿಂದ. ಆರೋಗ್ಯವಂತರ ಮೇಲೆ ಮಾಡಿ 1999ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ರಿಟೋನಾವಿರ್ ಇದ್ದಾಗ ಫೆಂಟನಿಲ್ ಹೊರಹೋಗುವ ವೇಗ ಮೂರನೇ ಎರಡು ಭಾಗದಷ್ಟು ಕುಸಿದಿತ್ತು. ಕ್ಯಾನ್ಸರ್ ನೋವಿಗೆ ಮೈಗೆ ಅಂಟಿಸುವ ಫೆಂಟನಿಲ್ ಪ್ಯಾಚ್ ಒಂದೊಂದು 72 ಗಂಟೆ ಔಷಧಿ ಬಿಡುತ್ತಲೇ ಇರುತ್ತದೆ. ಪ್ಯಾಚ್ ಹೊಸದಲ್ಲ, ಡೋಸ್ ಬದಲಾಗಿಲ್ಲ. ನಡುವೆ ಕೋವಿಡ್‌ಗೆ ಐದು ದಿನದ ಮಾತ್ರೆ ಸೇರಿದರೆ ಸಾಕು, ಅದೇ ಪ್ಯಾಚ್ ಅತಿಯಾಗಬಹುದು. ಆಕ್ಸಿಕೋಡೋನ್ ಎಂಬ ನೋವಿನ ಮಾತ್ರೆಯ ಕಥೆಯೂ ಹೀಗೇ. ಟ್ರಮಡಾಲ್ ಆದರೆ ಉಸಿರಿನ ಜೊತೆ ಫಿಟ್ಸ್ ಭಯವೂ ಇದೆ. ಮಾರ್ಫಿನ್ ಕರಗುವ ದಾರಿ ಬೇರೆ, ಅದಕ್ಕೇ ಡಾಕ್ಟರ್ ಕೆಲವೊಮ್ಮೆ ಅತ್ತ ತಿರುಗುತ್ತಾರೆ.

ಉಲ್ಟಾ ಕೆಲಸ ಮಾಡುವ ಔಷಧಿಗಳೂ ಇವೆ. ಎಫಾವಿರೆಂಜ್, ನೆವಿರಾಪಿನ್ ಎಂಬ ಎಚ್‌ಐವಿ ಔಷಧಿಗಳು ಇಂಥ ಕಿಣ್ವಗಳನ್ನು ಹೆಚ್ಚಿಸುತ್ತವೆ. ಮಾದಕ ಚಟ ಬಿಡಿಸಲು ಮೆಥಡೋನ್ ಕೊಡುತ್ತಾರಲ್ಲ, ಅದರ ಮಟ್ಟ ಇವುಗಳಿಂದ ಸುಮಾರು ಅರ್ಧಕ್ಕೆ ಇಳಿಯಬಹುದು. ಒಂದೆರಡು ವಾರದಲ್ಲಿ ಮೂಗು ಸೋರುತ್ತದೆ, ಮೈಕೈ ನೋವು, ಭೇದಿ, ನಿದ್ದೆ ಇಲ್ಲ; ಮೆಥಡೋನ್ ಸಾಲದೆ ಆಗುವ ತೊಂದರೆ ಇದು. ರೋಗಿ ‘ಎಚ್‌ಐವಿ ಮಾತ್ರೆ ನನಗೆ ಒಗ್ಗಲ್ಲ’ ಅಂತ ಅದನ್ನೇ ಬಿಟ್ಟರೆ ಎರಡು ಕಡೆಯೂ ನಷ್ಟ. ಈಗ ನಮ್ಮ ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಸೆಂಟರ್‌ಗಳಲ್ಲಿ ಎಫಾವಿರೆಂಜ್ ಬದಲು ಡೊಲುಟೆಗ್ರಾವಿರ್ ಬಂದಿದೆ. ಅದರಿಂದ ಈ ತೊಂದರೆ ಇಲ್ಲ. ಆದರೆ ಬದಲಾಯಿಸಿದ ಮೇಲೆ ಕಿಣ್ವ ನಿಧಾನವಾಗಿ ಮೊದಲಿನ ಮಟ್ಟಕ್ಕೆ ಬರುತ್ತದೆ. ಏರಿಸಿದ್ದ ಮೆಥಡೋನ್ ಡೋಸ್ ಆಗ ಜಾಸ್ತಿಯಾಗಬಹುದು. ಮಾತ್ರೆ ಶುರು ಮಾಡುವಾಗ ಕೇಳುವವರು ನಿಲ್ಲಿಸುವಾಗ ಕೇಳುವುದಿಲ್ಲ. ರಿಟೋನಾವಿರ್ ಪ್ರಭಾವವೂ ನಿಲ್ಲಿಸಿದ ದಿನವೇ ಹೋಗುವುದಿಲ್ಲ, ಎರಡು ಮೂರು ದಿನ ಇರುತ್ತದೆ.

ಫ್ಲೂಗೆ ಕೊಡುವ ಒಸೆಲ್ಟಾಮಿವಿರ್, ಹೆಪಟೈಟಿಸ್ ಸಿಗೆ ಕೊಡುವ ಸೋಫೋಸ್ಬುವಿರ್ ಇಂಥ ಜಗಳಕ್ಕೆ ಬರುವುದಿಲ್ಲ. ಹೆಪಟೈಟಿಸಿನಲ್ಲಿ ಲಿವರೇ ಹಾಳಾಗಿದ್ದರೆ ನೋವಿನ ಮಾತ್ರೆಯ ಲೆಕ್ಕವೇ ಬೇರೆ, ಅಷ್ಟೇ.

ಇಷ್ಟೆಲ್ಲ ಓದಿ ಗಾಬರಿಯಿಂದ ವೈರಸ್ ಮಾತ್ರೆ ನಿಲ್ಲಿಸಬೇಡಿ. ಎರಡರಲ್ಲಿ ಯಾವುದನ್ನು ಕಡಿಮೆ ಮಾಡಬೇಕು, ಯಾವುದನ್ನು ಬದಲಾಯಿಸಬೇಕು ಅನ್ನುವುದು ಡಾಕ್ಟರ್ ಕೆಲಸ. ಮನೆಯವರು ನೋಡಬೇಕಾದದ್ದು: ಅಲುಗಿಸಿದರೂ ಏಳದ ನಿದ್ದೆ, ತುಂಬ ನಿಧಾನದ ಉಸಿರು, ಗೊರಗೊರ ಸದ್ದು, ನೀಲಿಗಟ್ಟಿದ ತುಟಿ, ಸೂಜಿಮೊನೆಯಷ್ಟಾದ ಕಣ್ಣಪಾಪೆ. ಕಂಡರೆ ತಕ್ಷಣ 108ಕ್ಕೆ ಫೋನ್ ಮಾಡಿ, ಏನೇನು ತಗೊಂಡಿದ್ದಾರೆ ಅಂತ ಹೇಳಿ. ಇದಕ್ಕೆ ನಲಾಕ್ಸೋನ್ ಎಂಬ ಇಂಜೆಕ್ಷನ್ ಇದೆ.

ನನಗೆ ಜಾಸ್ತಿ ಚಿಂತೆ ಇರುವುದು ಕೇಳದೇ ಹೋಗುವವರ ಬಗ್ಗೆ. ಎಆರ್‌ಟಿ ಮಾತ್ರೆ ಸರ್ಕಾರಿ ಸೆಂಟರಿನಲ್ಲಿ ಉಚಿತ. ಅದು ನನ್ನ ಬಿಲ್ಲಿನಲ್ಲಿ ಇರುವುದಿಲ್ಲ, ಮೂಳೆ ಡಾಕ್ಟರ್ ಚೀಟಿಯಲ್ಲೂ ಇರುವುದಿಲ್ಲ. ನಾಚಿಕೆ, ಭಯದಿಂದ ಬಾಯಿಬಿಡುವುದಿಲ್ಲ, ಅದು ಅರ್ಥವಾಗುತ್ತದೆ. ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಹೇಳಲಾಗದಿದ್ದರೆ, ನೋವಿನ ಚೀಟಿಯನ್ನು ಎಆರ್‌ಟಿ ಸೆಂಟರಿನ ಡಾಕ್ಟರಿಗೆ ತೋರಿಸಿ. ಅಲ್ಲಿ ನಿಮ್ಮ ವಿಷಯ ಮೊದಲೇ ಗೊತ್ತು. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಕೆಲವು ವಿನಾಯಿತಿ ಬಿಟ್ಟರೆ ನಿಮ್ಮ ಒಪ್ಪಿಗೆ ಇಲ್ಲದೆ ಅವರು ಅದನ್ನು ಬೇರೆಯವರಿಗೆ ಹೇಳುವಂತೆಯೂ ಇಲ್ಲ.