ದಿಮ್ಮಿ ಕೊಯ್ಯುತ್ತಿದ್ದ ಮೇಷ್ಟ್ರು

ಇಂಗ್ಲಿಷ್ ಮೇಷ್ಟ್ರು ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬೆಳಗಿನ ಜಾವ ಬಂತು. ಕೆಳಗೆ ಸಾಲಾಗಿ ‘ರೆಸ್ಟ್ ಇನ್ ಪೀಸ್’. ಹಿಂದಿನ ಬೆಂಚಿನ ಗೆಳೆಯನೊಬ್ಬ ಶಾಂತಿಯ ‘ಪೀಸ್’ ಬರೆಯೋ ಕಡೆ ತುಂಡಿನ ‘ಪೀಸ್’ ಬರೆದಿದ್ದ. ಅಷ್ಟು ಸಂಕಟದಲ್ಲೂ ನನ್ನ ಕಣ್ಣು ಹೋಗಿ ನಿಂತಿದ್ದು ಅಲ್ಲೇ. ಮೇಷ್ಟ್ರು ಹತ್ತಿಸಿದ ಚಟ.

1986. ಸಾಗರದ ನಮ್ಮ ಹೈಸ್ಕೂಲಿನ ಹಿಂದೆಯೇ ಸಾಮಿಲ್ಲು. ಗರಗಸ ನಾಟಾಕ್ಕೆ ತಾಗಿತೆಂದರೆ ಪಾಠ ಕಿವಿಗೆ ಬೀಳುತ್ತಿರಲಿಲ್ಲ. ಊಟದ ನಂತರದ ಪೀರಿಯಡ್ಡು ಮೇಷ್ಟ್ರದು. ಬರೆಯೋಕೆ ಕೊಟ್ಟು ಕುರ್ಚಿಗೆ ಒರಗಿದರೆ ಐದೇ ನಿಮಿಷ, ಕ್ಲಾಸಿನೊಳಗೂ ಒಂದು ಮಿಲ್ಲು ಶುರು. ಗೊರಕೆಗೆ ಅಮೆರಿಕದವರು ‘ಸಾಯಿಂಗ್ ಲಾಗ್ಸ್’, ದಿಮ್ಮಿ ಕೊಯ್ಯೋದು, ಅಂತಾರೆ ಎಂದು ಹಿಂದಿನ ದಿನವಷ್ಟೇ ಹೇಳಿಕೊಟ್ಟಿದ್ದರು. ನಾನು ಮೆಲ್ಲಗೆ ಎದ್ದು ಬೋರ್ಡಿನ ಮೇಲೆ ‘ಸರ್ ಈಸ್ ಕಟಿಂಗ್ ವುಡ್’ ಎಂದು ಬರೆದೆ.

ನಗುವಿಗೆ ಎಚ್ಚರವಾಯಿತು. ಬೋರ್ಡು ನೋಡಿದರು, ನನ್ನ ಬೆರಳಿನ ಸೀಮೆಸುಣ್ಣ ನೋಡಿದರು. ಬೆತ್ತಕ್ಕೆ ಕೈ ಚಾಚಿಯೇ ನಿಂತಿದ್ದೆ. ಅವರು ಎದ್ದು ಕೊನೆಯ ಎರಡು ಪದ ಹೊಡೆದುಹಾಕಿ ‘ಸಾಯಿಂಗ್ ಲಾಗ್ಸ್’ ಎಂದು ಬರೆದರು.

“ನುಡಿಗಟ್ಟು ಅಂದ್ರೆ ಕಟ್ಟು ಕಣೋ. ಒಂದು ಕಡ್ಡಿ ಎಳೆದ್ರೂ ಬಿಚ್ಚಿಹೋಗತ್ತೆ. ಕುಂಭಕರ್ಣನ ನಿದ್ದೆ ಅಂತೀವಿ, ರಾವಣನ ತಮ್ಮನ ನಿದ್ದೆ ಅಂತೀವಾ?”

ಶಿಕ್ಷೆ, ನಿದ್ದೆಯ ಮೇಲೆ ಹತ್ತು ವಾಕ್ಯ. ‘ಫಾರ್ಟಿ ವಿಂಕ್ಸ್’ ಬಳಸಿ, ಅಪ್ಪ ಜಗಲಿಯಲ್ಲಿ ಕೂತು ನಲವತ್ತು ಸಲ ಕಣ್ಣು ಹೊಡೆಯುತ್ತಾರೆ ಅನ್ನೋ ಅರ್ಥದ್ದೊಂದು ಬರೆದೆ. “ನಿಮ್ಮಮ್ಮಂಗೆ ಗೊತ್ತೇನೋ?” ಎಂದರು. ಆಮೇಲೆ, “ಅದು ಹಗಲಿನ ಜೊಂಪು. ರಾತ್ರಿಯಿಡೀ ಮಲಗಿದವನಿಗೆ ಹೇಳ್ಬೇಡ.”

ಈಗ ನನ್ನ ಮಗಳ ಪುಸ್ತಕದಲ್ಲಿ ಇವೆಲ್ಲ ‘ಹೊಂದಿಸಿ ಬರೆಯಿರಿ’ಗೆ ಸೇರಿವೆ. ಗೆರೆ ಎಳೆದರೆ ಮಾರ್ಕು. ‘ಸ್ಲೀಪ್ ಲೈಕ್ ಎ ಲಾಗ್’ ಅವಳಿಗೆ ಬಾಯಿಪಾಠ, ದಿಮ್ಮಿ ಮಾತ್ರ ಕಂಡಿಲ್ಲ. ಬೆಂಗಳೂರಿನ ನಮ್ಮ ಆಫೀಸಿನಲ್ಲಿ, ರಾತ್ರಿ ಮಲಗೆದ್ದು ತೀರ್ಮಾನಿಸೋಣ ಅನ್ನೋದಕ್ಕೆ ಎಲ್ಲರೂ ‘ಸ್ಲೀಪ್ ಓವರ್ ಇಟ್’ ಅಂದರೆ ‘ಸ್ಲೀಪ್ ಆನ್ ಇಟ್’ ಅನ್ನುವವ ನಾನೊಬ್ಬನೇ. ಲಂಡನ್ನಿನ ಕ್ಲೈಂಟ್ ಒಬ್ಬರು ನನ್ನ ಇಂಗ್ಲಿಷನ್ನು ಮೆಚ್ಚಿಕೊಂಡಿದ್ದೂ ಉಂಟು. ಹೇಳಿಕೊಳ್ಳಬಾರದು, ಹೇಳಿಬಿಟ್ಟೆ.

ಸಂಜೆಯವರೆಗೂ ತಡೆದುಕೊಂಡೆ. ಆಗಲಿಲ್ಲ. ಗುಂಪಿನಲ್ಲಿ ಆ ಸ್ಪೆಲಿಂಗ್ ತಿದ್ದಿ ಹಾಕಿದೆ. ಬಹಳ ಹೊತ್ತು ಯಾರದೂ ಸದ್ದಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ಉತ್ತರ ಬಂತು:

“ಸರಿ ಸಾರ್.”