ಕ್ರಯಪತ್ರ ರದ್ದತಿಯ ದಾವೆ: ಕೋರ್ಟ್ ಫೀ ಲೆಕ್ಕ ಹಾಕುವ ಮೊದಲು ಸಹಿ ನೋಡಬೇಕು

ವಿರಾಜಪೇಟೆಯಲ್ಲಿ ವಕೀಲಿ ವೃತ್ತಿ ಆರಂಭಿಸಿದ ಮೂರನೆಯ ವರ್ಷದಲ್ಲಿ ನಾನು ಸಿದ್ಧಪಡಿಸಿದ ಒಂದು ವಾದಪತ್ರದಲ್ಲಿ ಕೋರ್ಟ್ ಫೀ ಲೆಕ್ಕ ತಪ್ಪಿತ್ತು. ಕಕ್ಷಿದಾರರು ವಯಸ್ಸಾದ ವಿಧವೆ. ಸಾಲದ ಭದ್ರತೆಗೆಂದು ನಂಬಿ ತಾವು ಸಹಿ ಹಾಕಿದ ಕಾಗದ ಕಾಫಿ ತೋಟದ ಒಂದು ಭಾಗದ ಶುದ್ಧ ಕ್ರಯಪತ್ರವಾಗಿತ್ತೆಂಬುದು ಪಹಣಿಯಲ್ಲಿ ಹೆಸರು ಬದಲಾದ ಮೇಲಷ್ಟೇ ಅವರಿಗೆ ತಿಳಿದಿತ್ತು. ಪತ್ರದಲ್ಲಿ ನಮೂದಾಗಿದ್ದ ಕ್ರಯದ ಮೊಬಲಗು 6 ಲಕ್ಷ ರೂಪಾಯಿ. ತೋಟ ಇನ್ನೂ ಅವರ ಸ್ವಾಧೀನದಲ್ಲೇ ಇತ್ತು.

ಅವರಿಗೆ ಹೊರೆಯಾಗಬಾರದೆಂಬ ಕಾಳಜಿಯಿಂದ ನಾನು ‘ರದ್ದು’ ಎಂಬ ಪದವನ್ನೇ ಬಳಸದೆ, ಕ್ರಯಪತ್ರವು ವಾದಿಗೆ ಬಂಧನಕಾರಿಯಲ್ಲವೆಂದು ಘೋಷಿಸಬೇಕೆಂದು ಪ್ರಾರ್ಥಿಸಿದೆ. 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಮತ್ತು ದಾವೆಗಳ ಮೌಲ್ಯಮಾಪನ ಅಧಿನಿಯಮದಲ್ಲಿ ಘೋಷಣೆಯ ದಾವೆಗಳಿಗಿರುವ 24(ಡಿ) ಕಲಮಿನಡಿ ದಾವೆಯ ಮೌಲ್ಯ 1,000 ರೂಪಾಯಿ ಎಂದು ತೋರಿಸಿ 25 ರೂಪಾಯಿ ಶುಲ್ಕ ಕಟ್ಟಿದೆ.

ಪ್ರತಿವಾದಿಯ ವಕೀಲರು ಲಿಖಿತ ಹೇಳಿಕೆಯಲ್ಲೇ ಆಕ್ಷೇಪವೆತ್ತಿದರು. ಅವರ ವಾದದ ತಿರುಳು 2010ರ ಸುಹೃದ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು: ಪತ್ರವನ್ನು ಬರೆದುಕೊಟ್ಟವನೇ ಅದರಿಂದ ಬಿಡುಗಡೆ ಬಯಸಿದರೆ ರದ್ದತಿಯನ್ನೇ ಕೇಳಬೇಕು, ಪತ್ರಕ್ಕೆ ಸಹಿ ಹಾಕದ ಮೂರನೆಯವನಿಗೆ ಅದು ತನ್ನನ್ನು ಬಂಧಿಸದೆಂಬ ಘೋಷಣೆ ಸಾಕು. ನಮ್ಮ ವಾದಿ ಸಹಿ ಹಾಕಿದವರು. ಆದ್ದರಿಂದ ಅವರಿಗೆ ಅನ್ವಯಿಸುವುದು ಅದೇ ಅಧಿನಿಯಮದಲ್ಲಿ ರದ್ದತಿಯ ದಾವೆಗಳಿಗಿರುವ 38ನೆಯ ಕಲಮು ಎಂದೂ, ಪ್ರಾರ್ಥನೆಯ ಪದಗಳು ಬದಲಾದ ಮಾತ್ರಕ್ಕೆ ದಾವೆಯ ಸ್ವರೂಪ ಬದಲಾಗದೆಂದೂ ನ್ಯಾಯಾಲಯ ತೀರ್ಮಾನಿಸಿತು. ಆ ಆದೇಶ ಸರಿಯಾಗಿತ್ತು.

ನಿಜವಾಗಿ ಕಾವೇರಿದ ಚರ್ಚೆ ನಡೆದದ್ದು ಮೌಲ್ಯ ಯಾವುದೆಂಬ ವಿಷಯದಲ್ಲಿ. ತೋಟದ ಇಂದಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ ಕಟ್ಟಿಸಬೇಕೆಂಬುದು ಎದುರು ಪಕ್ಷದ ಪಟ್ಟು. ಕೊಡಗಿನಲ್ಲಿ ಪತ್ರದ ಬೆಲೆಗೂ ತೋಟದ ಪೇಟೆ ಬೆಲೆಗೂ ಎಷ್ಟು ಅಂತರವಿರುತ್ತದೆಂಬುದನ್ನು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಆದರೆ 38ನೆಯ ಕಲಮು ಹೇಳುವುದು, ಪತ್ರವನ್ನು ಯಾವ ಮೊಬಲಗಿಗೆ ಅಥವಾ ಯಾವ ಮೌಲ್ಯದ ಸ್ವತ್ತಿಗೆ ಬರೆದುಕೊಡಲಾಯಿತೋ ಅದನ್ನು. ಕೇರಳದ ಕಾನೂನಿನ ಇಂಥದೇ ಕಲಮನ್ನು ಅರ್ಥೈಸುತ್ತ, ಪತ್ರದಲ್ಲಿ ನಮೂದಾದ ಮೌಲ್ಯವೇ ಆಧಾರ, ದಾವೆಯ ದಿನದ ಮಾರುಕಟ್ಟೆ ಬೆಲೆಯಲ್ಲ ಎಂದು ಸುಪ್ರೀಂ ಕೋರ್ಟ್ 2010ರ ಸತೀದೇವಿ ಪ್ರಕರಣದಲ್ಲಿ ಹೇಳಿತ್ತು. ಆ ತೀರ್ಪನ್ನು ಮುಂದಿಟ್ಟೆ. ನ್ಯಾಯಾಲಯ 6 ಲಕ್ಷವನ್ನೇ ಒಪ್ಪಿತು. ಆಗಿನ ದರದಂತೆ ಮೊದಲ 5 ಲಕ್ಷಕ್ಕೆ 33,375 ರೂಪಾಯಿ, ಉಳಿದ 1 ಲಕ್ಷಕ್ಕೆ ಶೇಕಡ 6ರಂತೆ 6,000 ರೂಪಾಯಿ, ಒಟ್ಟು 39,375 ರೂಪಾಯಿ. ಪತ್ರದ ಒಂದು ಭಾಗವನ್ನಷ್ಟೇ ರದ್ದುಗೊಳಿಸಲು ಕೇಳಿದ್ದರೆ ಆ ಭಾಗದ ಮೌಲ್ಯಕ್ಕೆ ಮಾತ್ರ ಶುಲ್ಕ ಕಟ್ಟಬೇಕಾಗುತ್ತಿತ್ತು. ಹಲವು ಸರ್ವೆ ನಂಬರುಗಳನ್ನು ಒಂದೇ ಪತ್ರದಲ್ಲಿ ಬರೆಯುವ ನಮ್ಮ ಕಡೆ ಇದನ್ನು ಪರಿಶೀಲಿಸದೆ ಬಿಡಬಾರದು.

ಆ ಹಂತದಲ್ಲಿ ನನ್ನನ್ನು ಕಾಡಿದ ಭಯ ಬೇರೆಯೇ ಇತ್ತು. ನ್ಯಾಯಾಲಯ ಹೇಳಿದ ಅವಧಿಯೊಳಗೆ ಕೊರತೆ ಶುಲ್ಕ ಕಟ್ಟದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೆಯ ಆದೇಶದ 11ನೆಯ ನಿಯಮದಂತೆ ವಾದಪತ್ರ ತಿರಸ್ಕೃತವಾಗುತ್ತದೆ. ಹೊಸ ದಾವೆ ಹೂಡಲು ಅವಕಾಶವಿದ್ದರೂ, ರದ್ದತಿ ಕೇಳಲು ಕಾಲಮಿತಿ ಕಾಯಿದೆಯ 59ನೆಯ ಅನುಚ್ಛೇದ ಕೊಡುವುದು ವಿಷಯ ತಿಳಿದಂದಿನಿಂದ 3 ವರ್ಷ ಮಾತ್ರ. ನಮ್ಮ ಪ್ರಕರಣದಲ್ಲಿ ಅದು ಆಗಲೇ ಮುಗಿದಿತ್ತು. 25 ರೂಪಾಯಿಯಲ್ಲಿ ಮುಗಿಸಲು ಹೋಗಿ ಆ ತಾಯಿಯ ತೋಟವನ್ನೇ ನಾನು ಅಪಾಯಕ್ಕೆ ಒಡ್ಡಿದ್ದೆ. ಅದನ್ನು ಅವರ ಮನೆಗೇ ಹೋಗಿ ಹೇಳಿ ಕ್ಷಮೆ ಕೇಳಿದೆ.

ಮನೆಯಲ್ಲಿ ಉಳಿಸಿಟ್ಟಿದ್ದ ಒಣ ಕರಿಮೆಣಸನ್ನು ಮಾರಿ ಅವರು ಹಣ ಹೊಂದಿಸಿದರು. ಗಡುವಿಗೆ ಎರಡು ದಿನ ಮುಂಚೆ, ಕಟ್ಟಿದ್ದ 25 ರೂಪಾಯಿ ಕಳೆದು ಉಳಿದ 39,350 ರೂಪಾಯಿಯನ್ನು ಪಾವತಿಸಿ, ಪ್ರಾರ್ಥನೆಯನ್ನು ರದ್ದತಿಗೆ ತಿದ್ದಲು ಅರ್ಜಿ ಸಲ್ಲಿಸಿದೆ. ಅರ್ಜಿ ಮಂಜೂರಾಗಿ, ದಾವೆ ಸಾಕ್ಷ್ಯದ ಹಂತಕ್ಕೆ ಬಂತು.